ಫೆಡೋರಾವನ್ನು ಬಿಡಿಬಿಡಿ ಮಾಡಲು ಹೊರಟಾಗ

ನಮಸ್ಕಾರ ಕೇಳುಗರೆ. ಲಿನಕ್ಸ್ ಅಂದ ಕೂಡಲೇ ರೇಡಿಯೋ ಆಫ್ ಮಾಡಬೇಡಿ. ಫೆಡೋರಾ ಅನ್ನೋ ಲಿನಕ್ಸ್ ಡಿಸ್ಟ್ರೋವನ್ನು ಮಾಡ್ಯೂಲ್‌ಗಳಾಗಿ, ಅಂದರೆ ಒಟ್ಟಿಗೆ ಸಾಗುವ ಸಾಫ್ಟ್‌ವೇರ್ ಗುಂಪುಗಳಾಗಿ, ಬಿಡಿಸಿ ಜೋಡಿಸಬೇಕು ಅಂತ ಒಂದಷ್ಟು ಜನ ಹತ್ತು ವರ್ಷ ಒದ್ದಾಡಿದರು. ಅದರ ಕಥೆ ಇದು.

ಲಿನಕ್ಸ್ ಅಂದರೆ ವಿಂಡೋಸ್ ಥರ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರ್. ಡಿಸ್ಟ್ರೋ ಅಂದರೆ ಅದರ ತಿರುಳಾದ ಕರ್ನಲ್ ಜೊತೆಗೆ ಸಾವಿರಾರು ಪ್ಯಾಕೇಜುಗಳನ್ನು, ಅಂದರೆ ಸಾಫ್ಟ್‌ವೇರಿನ ಗಂಟುಗಳನ್ನು, ಒಂದಕ್ಕೊಂದು ಹೊಂದುವ ಹಾಗೆ ಸೇರಿಸಿ ಕೊಡುವ ಕೆಲಸ. ಒಂದೊಂದು ಪ್ಯಾಕೇಜನ್ನೂ ನೋಡಿಕೊಳ್ಳಲು ಒಬ್ಬ ಮೇಂಟೇನರ್ ಇರುತ್ತಾರೆ. ಕೆಲವರಿಗೆ ಫೆಡೋರಾದ ಬೆನ್ನಿಗೆ ನಿಂತಿರುವ ರೆಡ್ ಹ್ಯಾಟ್ ಕಂಪನಿ ಸಂಬಳ ಕೊಡುತ್ತದೆ. ಇನ್ನು ಎಷ್ಟೋ ಜನ ಆಫೀಸು ಮುಗಿಸಿ, ರಾತ್ರಿ ಊಟ ಆದಮೇಲೆ ಕೂತು ಮಾಡೋರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಫೆಡೋರಾ ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ ಹೊಸದಾಗಿ ಬರುತ್ತದೆ. ಒಂದು ಆವೃತ್ತಿಗೆ ಸುಮಾರು 13 ತಿಂಗಳು ಅಪ್‌ಡೇಟ್ ಸಿಗುತ್ತದೆ. ಸರ್ವರ್ ನಡೆಸೋರಿಗೆ ಇದು ತೀರಾ ಬೇಗ, ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಓಡಿಸುವ ನೋಡ್ ಜೆಎಸ್‌ನ ಹೊಸ ಆವೃತ್ತಿ ನಾಳೆಯೇ ಬೇಕು ಅನ್ನೋ ಪ್ರೋಗ್ರಾಮರಿಗೆ ತೀರಾ ನಿಧಾನ. ಇಬ್ಬರನ್ನೂ ಸಮಾಧಾನ ಮಾಡೋದು ಹೇಗೆ? 2013ರಲ್ಲಿ ಅಮೆರಿಕದ ಚಾರ್ಲ್‌ಸ್ಟನ್‌ನಲ್ಲಿ ಫೆಡೋರಾ ಕೆಲಸ ಮಾಡೋರ ಫ್ಲಾಕ್ ಸಮ್ಮೇಳನ ನಡೆಯಿತು. ಅಲ್ಲಿ, ಮುಂದೆ ಫೆಡೋರಾ ಪ್ರಾಜೆಕ್ಟ್ ಲೀಡರ್ ಆದ ಮ್ಯಾಥ್ಯೂ ಮಿಲ್ಲರ್ ಒಂದು ಯೋಚನೆ ಮುಂದಿಟ್ಟರು: ನಡುವೆ ಗಟ್ಟಿಯಾದ ಚಿಕ್ಕ ತಳಪಾಯ ಇರಲಿ, ಅದರ ಸುತ್ತಲಿನ ಭಾಗಗಳು ತಮ್ಮ ತಮ್ಮ ವೇಗದಲ್ಲಿ ಬದಲಾಗಲಿ. ಯಾರು ತಾನೆ ಬೇಡ ಅಂತಾರೆ?

ಅದಕ್ಕೊಂದು ಕಾರ್ಯತಂಡ ಆಯಿತು. 2017ರಲ್ಲಿ ಬೋಲ್ಟ್ರಾನ್ ಅನ್ನೋ ಮಾದರಿ ಬಂತು. ಅದೇ ವರ್ಷ ಇಡೀ ಸರ್ವರ್ ಆವೃತ್ತಿಯನ್ನೇ ಮಾಡ್ಯೂಲ್‌ಗಳಿಂದ ಕಟ್ಟಲು ಹೋಗಿ ಕೈಬಿಟ್ಟರು. 2018ರಲ್ಲಿ ಫೆಡೋರಾ 28ಕ್ಕೆ ಹಳೆಯ ಪ್ಯಾಕೇಜುಗಳ ಪಕ್ಕದಲ್ಲೇ ಮಾಡ್ಯೂಲ್‌ಗಳೂ ಬಂದವು. ಒಂದು ಮಾಡ್ಯೂಲ್‌ಗೆ ಹಲವು ಸ್ಟ್ರೀಮ್, ಅಂದರೆ ನೋಡ್‌ನ 8 ಬೇಕಾದರೆ 8, 10 ಬೇಕಾದರೆ 10. ಆದರೆ ಒಂದು ಯಂತ್ರದಲ್ಲಿ ಒಂದು ಹೊತ್ತಿಗೆ ಒಂದೇ. ಎರಡು ಪ್ರೋಗ್ರಾಂಗಳು ಒಂದೇ ಲೈಬ್ರರಿಯ, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡಿನ, ಬೇರೆ ಬೇರೆ ಸ್ಟ್ರೀಮ್ ಕೇಳಿದರೆ? ಅಲ್ಲಿಗೆ ಮುಗೀತು. ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡುವಾಗ ಸಿಕ್ಕಿಹಾಕಿಕೊಳ್ಳುತ್ತಿದ್ದದ್ದೂ ಇಂಥ ಕಡೆಯೇ.

ಮನೆ ಪಾಲು ಮಾಡುವಾಗ ಕೋಣೆಗಳನ್ನು ಹಂಚೋದು ಸುಲಭ, ಜಗಳ ಬರೋದು ಬಾವಿಗೆ. ಇಲ್ಲಿ ಬಾವಿ ಅಂದರೆ ಎಲ್ಲರೂ ಬಳಸುವ ಲೈಬ್ರರಿಗಳು ಮತ್ತು ಕೋಡಿನಿಂದ ಪ್ಯಾಕೇಜ್ ತಯಾರಿಸುವ ಬಿಲ್ಡ್ ಸಾಧನಗಳು.

ಜಾವಾ ಭಾಷೆಯ ಪ್ಯಾಕೇಜುಗಳಲ್ಲಿ ಆದದ್ದೂ ಇದೇ. ಮೇವನ್, ಆಂಟ್ ಮುಂತಾದ ಬಿಲ್ಡ್ ಸಾಧನಗಳನ್ನು ನೋಡಿಕೊಳ್ಳುತ್ತಿದ್ದವರು ಅವನ್ನು ಮಾಡ್ಯೂಲ್ ಒಳಗೆ ಒಯ್ದು, ಹೊರಗಿನ ಮಾಮೂಲಿ ಪ್ಯಾಕೇಜುಗಳನ್ನು ಕೈಬಿಟ್ಟರು. ಅವರ ಕಡೆಯಿಂದ ನೋಡಿದರೆ ತಪ್ಪೇನಿಲ್ಲ, ಕೆಲಸ ಕಡಿಮೆಯಾಯಿತು. ಮಾಡ್ಯೂಲ್ ಕಟ್ಟಲು ಮಾತ್ರ ಬೇಕಾದ ಪ್ಯಾಕೇಜುಗಳನ್ನು ಒಳಗೇ ಇಟ್ಟುಕೊಳ್ಳಬಹುದಿತ್ತು, ಹೊರಗಿನವರಿಗೆ ಕೊಡಬೇಕು ಅಂತಿರಲಿಲ್ಲ. ಆದರೆ ಅವನ್ನೇ ನಂಬಿಕೊಂಡಿದ್ದ ನೂರಾರು ಪ್ಯಾಕೇಜುಗಳು ಮಾಡ್ಯೂಲ್ ಹೊರಗೇ ಇದ್ದವಲ್ಲ, ಅವುಗಳ ಗತಿ? 2019ರಲ್ಲಿ ಕೆಲವು ಸ್ವಯಂಸೇವಕರು ಸ್ಟೀವರ್ಡ್‌ಶಿಪ್ ಸಿಗ್ (ಸಿಗ್ ಅಂದರೆ ಒಂದು ವಿಷಯದ ಆಸಕ್ತರ ಕೂಟ) ಅಂತ ಒಂದು ಗುಂಪು ಕಟ್ಟಿಕೊಂಡು, ಅನಾಥವಾದ ಆ ಪ್ಯಾಕೇಜುಗಳನ್ನು ಹೊತ್ತುಕೊಂಡರು. ತಾವು ಕೇಳದ ಕೆಲಸ, ಹೊಗಳಿಕೆ ಇಲ್ಲದ ಕೆಲಸ. ಈ ಇಡೀ ಕಥೆಯಲ್ಲಿ ನನಗೆ ದೊಡ್ಡವರಾಗಿ ಕಾಣೋದು ಇವರೇ.

ನನ್ನ ಲೆಕ್ಕದಲ್ಲಿ ಸಂಘಟನೆ ಎಡವಿದ್ದೂ ಇಲ್ಲೇ. ಮಾಡ್ಯೂಲ್ ಕಟ್ಟುವ ಸರ್ವೀಸ್ ಆಯಿತು, ಮಾಡ್ಯೂಲ್‌ನ ವಿವರ ಬರೆಯುವ ಯಾಮಲ್ ಕಡತದ ನಿಯಮಗಳಾದವು, ಎಲ್ಲ ಸರಿ. ಆದರೆ ರಾತ್ರಿ ಊಟ ಆದಮೇಲೆ ಕೂರುವ ಆ ಮೇಂಟೇನರ್‌ಗೆ ಇದರಿಂದ ಕೆಲಸ ಜಾಸ್ತಿಯಾಯಿತೋ ಕಡಿಮೆಯಾಯಿತೋ, ಅದಕ್ಕೆ ಸರಿಯಾದ ಉತ್ತರ ಯಾರ ಹತ್ತಿರವೂ ಇರಲಿಲ್ಲ. ನಾಳೆ ನೀವ್ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕಿದರೆ, ಮೊದಲು ಯಾರೂ ಆತುಕೊಂಡಿರದ ಪ್ಯಾಕೇಜುಗಳಿಂದ ಶುರು ಮಾಡಿ. ಡೇಟಾಬೇಸ್ ಒಳ್ಳೇದು, ಬಿಲ್ಡ್ ಸಾಧನ ಬೇಡವೇ ಬೇಡ. ಒಂದು ಪ್ಯಾಕೇಜನ್ನು ಒಳಗೆ ಎಳೆಯುವ ಮುಂಚೆ ಅದನ್ನು ನಂಬಿಕೊಂಡಿರುವವರ ಪಟ್ಟಿ ತೆಗೆದು, ಒಬ್ಬೊಬ್ಬರನ್ನೂ ಕೇಳಿ. ಬೇಜಾರಿನ ಕೆಲಸ ನಿಜ, ಆದರೂ ಮಾಡಿ. ವಾಪಸ್ ಬರುವ ದಾರಿಯನ್ನೂ ಮೊದಲೇ ಬರೆದಿಡಿ.

ಫೆಡೋರಾದವರು ವಾಪಸ್ ಬಂದದ್ದು ಒಂದೊಂದೇ ಹೆಜ್ಜೆ ಇಟ್ಟು. ಬಳಕೆದಾರರು ಕೇಳದೆಯೇ ಆನ್ ಆಗುವ ಡಿಫಾಲ್ಟ್ ಸ್ಟ್ರೀಮ್ ಬೇಡ ಅಂತ ಚುನಾಯಿತ ತಾಂತ್ರಿಕ ಸಮಿತಿ ಫೆಸ್ಕೋ ತೀರ್ಮಾನಿಸಿತು. 2023ರ ಫೆಡೋರಾ 39ರಲ್ಲಿ ಮಾಡ್ಯೂಲ್ ಭಂಡಾರವೇ ಹೋಯಿತು. ರೆಡ್ ಹ್ಯಾಟ್ ಕಂಪನಿಗಳಿಗೆ ಮಾರುವ ತನ್ನ ಡಿಸ್ಟ್ರೋ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ, ಅಂದರೆ 2019ರಲ್ಲಿ, ಮಾಡ್ಯೂಲ್‌ಗಳನ್ನು ತಂದಿತ್ತು. 2025ರಲ್ಲಿ ಬಂದ 10ರಲ್ಲಿ ಅವು ಇಲ್ಲ. ಈಗ ಫೆಡೋರಾದಲ್ಲಿ ನೋಡ್‌ನ ಹೆಸರಿನ ಕೊನೆಗೇ ಆವೃತ್ತಿಯ ಅಂಕೆ ಸೇರಿಸಿ, ನೋಡ್ ಜೆಎಸ್ 20, ನೋಡ್ ಜೆಎಸ್ 22 ಅಂತ ಬೇರೆ ಬೇರೆ ಪ್ಯಾಕೇಜ್ ಮಾಡುತ್ತಾರೆ. ಎರಡನ್ನೂ ಒಟ್ಟಿಗೆ ಹಾಕಿಕೊಳ್ಳಬಹುದು. ಹಳೇ ಕಾಲದ ಉಪಾಯ ಅನ್ನಿ, ಕೆಲಸವಂತೂ ಆಗುತ್ತಿದೆ.