ಹಿತ್ತಲಿಗೆ ಬಂದು ಆಡಿದ ಮಾತು

ವೇದಿಕೆಯ ಹಿರಿಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಪಂಚಾಯಿತಿ ಸದಸ್ಯರಿಗೆ, ಹಿಂದಿನ ಸಾಲುಗಳಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ನಮಸ್ಕಾರ.

ಮನಸ್ಸಿನ ಕಾಯಿಲೆಯ ಆರೈಕೆಗೆ ಫೋನು, ವಿಡಿಯೊ, ಆ್ಯಪ್‌ಗಳು ಎಷ್ಟರಮಟ್ಟಿಗೆ ಒದಗಿ ಬರುತ್ತವೆ ಎಂದು ಮಾತಾಡಲು ಕರೆದಿದ್ದೀರಿ. ನಾನು ಆಪ್ತಸಮಾಲೋಚಕಿ, ಹೆಚ್ಚಿನ ಕೆಲಸ ಫೋನಿನಲ್ಲೇ. ಹಾಗಾಗಿ ಒಂದು ಕರೆಯಿಂದಲೇ ಶುರು ಮಾಡುತ್ತೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬಿಟ್ಟು ಹೇಳುತ್ತೇನೆ.

ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದರು. ಎರಡು ಮಾತಾಡುವುದು, ಸುಮ್ಮನಾಗುವುದು. ಮೊದಲು ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಹೊಳೆಯಿತು. "ಅಕ್ಕಾರ, ಬಾಜೂಕ ಯಾರರ ಅದಾರೇನ್ರಿ?" ಎಂದೆ. "ಹೂಂನ್ರಿ." "ಹಂಗಾರ ನಾನ ಕೇಳ್ತೀನಿ, ನೀವು ಹೂಂ, ಇಲ್ಲ, ಇಷ್ಟ ಅನ್ರಿ." ಹತ್ತು ನಿಮಿಷ ಹಾಗೇ ನಡೆಯಿತು. ಆಮೇಲೆ ಬಾಗಿಲು ತೆರೆದ ಸದ್ದು, ಎಮ್ಮೆ ಕೂಗಿದ ಸದ್ದು. "ಈಗ ಹಿತ್ತಲಕ ಬಂದೇನ್ರಿ, ಹೇಳ್ತೀನಿ" ಅಂದರು. ಫೋನು ಮಗನದು. ಅವನು ಅದನ್ನು ಚಾರ್ಜಿಗೆ ಹಾಕಿ ಹೊಲಕ್ಕೆ ಹೋಗಿದ್ದ. ಒಳಗೆ ಅತ್ತೆ ಇದ್ದರು. ನಾಲ್ಕು ತಿಂಗಳಿಂದ ನಿದ್ದೆಯಿಲ್ಲ, ಎದೆ ಭಾರ, ಯಾವುದರಲ್ಲೂ ಮನಸ್ಸಿಲ್ಲ. ಅಷ್ಟೂ ದಿನ ಇದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಇಂಥವರು ಎಷ್ಟು ಜನ? ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆ ಯಾವುದು ಎಂಬುದರ ಮೇಲೆ, ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯೇ ಇಲ್ಲದೆ ಇದ್ದರು. ದೂರ, ದುಡ್ಡು, ನಾಚಿಕೆ, ಮೂರೂ ಸೇರಿ ಕಾಲು ಕಟ್ಟುತ್ತವೆ. ಬೀದರಿನಿಂದಲೋ ಕೊಪ್ಪಳದಿಂದಲೋ ಬೆಂಗಳೂರಿಗೆ ಬಂದು ತೋರಿಸಿಕೊಳ್ಳಬೇಕೆಂದರೆ ರೋಗಿಯ ಕೂಲಿಯೂ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು.

ಈ ದಾರಿಯನ್ನು ಕಡಿಮೆ ಮಾಡಲೆಂದೇ 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಎಂಬ ಫೋನ್ ಸಹಾಯವಾಣಿ ಶುರು ಮಾಡಿತು. ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತಾಡುತ್ತಾರೆ. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. ಮೊದಲು ಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಅದೂ ಸಾಲದಿದ್ದರೆ ನಿಮ್ಮ ಜಿಲ್ಲೆಯ ಆಸ್ಪತ್ರೆಗೆ ಜೋಡಿಸುತ್ತಾರೆ. ಈವರೆಗೆ 20 ಲಕ್ಷಕ್ಕೂ ಹೆಚ್ಚು ಕರೆ ಬಂದಿವೆ. ಇದಕ್ಕೆ ಸ್ಮಾರ್ಟ್‌ಫೋನು ಬೇಡ, ಓದು ಬರಹವೂ ಬೇಡ. ಆ್ಯಪ್‌ಗಳ ಈ ಕಾಲದಲ್ಲೂ ಬರೀ ದನಿಯ ಕರೆಗೇ ನನ್ನ ಮೊದಲ ಓಟು ಅದಕ್ಕಾಗಿ.

ಇನ್ನೊಂದು ಬಳಕೆ ನಿಮಗೆ ಅಷ್ಟು ಕಾಣಿಸುವುದಿಲ್ಲ, ನನಗೆ ಮಾತ್ರ ಅದರ ಮೇಲೆ ಬಹಳ ನಂಬಿಕೆ. ಅದಕ್ಕೆ ಬಳ್ಳಾರಿಗೆ ಹೋಗಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು, ಮದ್ದು ಕೊಡುವುದನ್ನು ಕಲಿಸಿದರು. ರೋಗಿಯನ್ನು ತಜ್ಞರ ಹತ್ತಿರ ಒಯ್ಯುವ ಬದಲು ತಜ್ಞರ ತಿಳಿವಳಿಕೆಯನ್ನೇ ಊರಿಗೆ ತಂದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಆದರೆ ತರಬೇತಿ ಮುಗಿಸಿ ಹಿಂತಿರುಗಿದ ವೈದ್ಯರ ಎದುರು ನಿಜವಾದ ರೋಗಿ ಬಂದು ಕೂತಾಗ, ಕಲಿತದ್ದು ಕೈಗೆ ಬರುವುದು ಕಷ್ಟ. ಈಗ ನಿಮ್ಹಾನ್ಸ್‌ನ ಮನೋವೈದ್ಯರು ವಿಡಿಯೊದಲ್ಲಿ ಆ ವೈದ್ಯರ ಹೊರರೋಗಿ ವಿಭಾಗದಲ್ಲೇ ಹಾಜರಿರುತ್ತಾರೆ. ಎದೆಯುರಿ, ಮೈಕೈ ನೋವು ಎಂದು ಬಂದ ರೋಗಿಯಲ್ಲೇ ಖಿನ್ನತೆಯನ್ನು ಹೇಗೆ ಕಾಣಬೇಕು ಎಂದು ಕೆಲಸದ ನಡುವೆಯೇ ತೋರಿಸಿಕೊಡುತ್ತಾರೆ. ರೋಗಿಗೆ ಮಾತ್ರ ತನ್ನೂರಿನ ಡಾಕ್ಟರೇ ನೋಡಿದರು. ಮುಂದಿನ ತಿಂಗಳೂ ಅವರೇ ಸಿಗುತ್ತಾರೆ. ಉಪಕರಣ ಹೀಗೆ ಹತ್ತಿರದ ಮನುಷ್ಯರ ಬೆನ್ನಿಗೆ ನಿಲ್ಲಬೇಕು, ಅವರ ಜಾಗದಲ್ಲಿ ಕೂರಬಾರದು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ಈಗ ನಮ್ಮ ಹುಡುಗ ಹುಡುಗಿಯರು ರಾತ್ರಿ ಎರಡು ಗಂಟೆಗೆ ಚಾಟ್‌ಬಾಟ್ ಜೊತೆ ದುಃಖ ಹೇಳಿಕೊಳ್ಳುತ್ತಿದ್ದಾರೆ. ಇದು ಹೊಸತಲ್ಲ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಝೆನ್‌ಬಾಮ್ ಎಂಬವರು ಎಲೈಜಾ ಎಂಬ ಪ್ರೋಗ್ರಾಂ ಬರೆದರು. ನೀವು ಹೇಳಿದ್ದನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುವುದಷ್ಟೇ ಅದಕ್ಕೆ ಗೊತ್ತಿದ್ದದ್ದು. ಆದರೂ ಅದನ್ನು ಕಟ್ಟಿದ್ದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರ ಜೊತೆ ಒಬ್ಬರೇ ಮಾತಾಡಲೆಂದು, ಸ್ವಲ್ಪ ಹೊರಗೆ ಹೋಗಿ ಎಂದು ಅವರನ್ನು ಕೇಳಿದರಂತೆ. ಹೇಳಿಕೊಳ್ಳುವ ಹಸಿವು ಅಂಥದ್ದು. ಆ ಮಕ್ಕಳನ್ನು ನಾನು ಬೈಯುವುದಿಲ್ಲ. ಆ ಹೊತ್ತಿಗೆ ಎಚ್ಚರವಿದ್ದದ್ದು ಅದೊಂದೇ. ಉಸಿರಾಟದ ಅಭ್ಯಾಸಕ್ಕೆ, ಮನಸ್ಸಿನ ದಿನಚರಿ ಬರೆಯುವುದಕ್ಕೆ ಇಂಥ ಆ್ಯಪ್‌ಗಳು ನೆರವಾಗುವುದನ್ನು ನಾನೇ ನೋಡಿದ್ದೇನೆ.

ಆದರೆ ಭಾಷೆಯ ವಿಷಯಕ್ಕೆ ಬನ್ನಿ. "ಕೆಲಸಾ ಮಾಡಿ ಮಾಡಿ ಸಾಯೂಹಂಗ ಆಗೇತ್ರಿ" ಎಂದು ಒಬ್ಬರು ಹೇಳಿದರೆ, ಅದು ದಣಿವು. ಸಾವು ಎಂಬ ಪದ ಹಿಡಿಯುವ ಯಂತ್ರ ಅಲ್ಲಿ ಗಾಬರಿಬೀಳಬಹುದು. ಇನ್ನೊಬ್ಬರು ತಣ್ಣಗೆ, "ಇನ್ನಮ್ಯಾಲೆ ನನ್ನಿಂದ ಯಾರಿಗೂ ತ್ರಾಸ ಇರೂದಿಲ್ಲ ಬಿಡ್ರಿ" ಅನ್ನುತ್ತಾರೆ. ಅದರಲ್ಲಿ ಸಾವು ಎಂಬ ಪದವೇ ಇಲ್ಲ. ನನ್ನ ಮೈ ಝುಂ ಅನ್ನುವುದು ಈ ಎರಡನೆಯ ಮಾತಿಗೆ. ಆಗ ನಾನು ನೇರವಾಗಿ ಕೇಳುತ್ತೇನೆ: ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ? ಕೇಳಿದರೆ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಹೆದರಿಕೆ ಬೇಡ. ಕೇಳಿದ್ದಕ್ಕೆ ಎಷ್ಟೋ ಜನ ಅತ್ತು ಹಗುರಾಗಿದ್ದಾರೆ. ಆಮೇಲೆ ಫೋನ್ ಇಡಲು ಬಿಡದೆ ಮಾತಾಡಿಸುತ್ತ, ಹತ್ತಿರದ ಒಬ್ಬರನ್ನು ಅವರ ಪಕ್ಕಕ್ಕೆ ಕರೆಸಬೇಕು. ತಾವಾಗಿ ಎದ್ದು ಹೋಗಿ ಪಕ್ಕದ ಮನೆಯ ಕದ ತಟ್ಟುವವರು ಬೇಕಾದ ಘಳಿಗೆ ಅದು.

ಇನ್ನು ಗುಟ್ಟು ಕಾಯುವ ವಿಷಯ. ಫಿನ್‌ಲೆಂಡಿನಲ್ಲಿ ವಾಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ಕಡತಗಳನ್ನು ಕಳವು ಮಾಡಿದವನು 2020ರಲ್ಲಿ ರೋಗಿಗಳಿಗೇ ಒಬ್ಬೊಬ್ಬರಿಗೆ ಸಂದೇಶ ಕಳಿಸಿದ: ದುಡ್ಡು ಕೊಡಿ, ಇಲ್ಲವಾದರೆ ನೀವು ಚಿಕಿತ್ಸಕರಿಗೆ ಹೇಳಿದ್ದೆಲ್ಲ ಊರಿಗೆ ಗೊತ್ತಾಗುತ್ತದೆ. ಸಾವಿರಾರು ಜನ ತಮ್ಮ ಎದೆಯ ಮಾತು ಬೀದಿಗೆ ಬೀಳುವ ಭಯದಲ್ಲಿ ಬದುಕಿದರು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವುದನ್ನು ಹಕ್ಕು ಎಂದೇ ಹೇಳುತ್ತದೆ. ಆದರೂ ವಿದ್ಯಾರ್ಥಿಗಳೇ, ಯಾವುದೇ ಆ್ಯಪ್‌ನಲ್ಲಿ ಮನಸ್ಸು ಬಿಚ್ಚುವ ಮೊದಲು ಅದನ್ನು ನಡೆಸುವವರು ಯಾರು, ನೀವು ಬರೆದದ್ದನ್ನು ಅಳಿಸಲು ಬರುತ್ತದೆಯೇ ಎಂದು ನೋಡಿಕೊಳ್ಳಿ. ನಿಮ್ಮ ಹೆಸರು ಹಾಕದೆ ನಡೆಯುವುದಾದರೆ ಹಾಕಬೇಡಿ.

ಕೊನೆಗೆ ಪಂಚಾಯಿತಿಯವರಲ್ಲಿ ಒಂದು ಬೇಡಿಕೆ. ಆ ಹೆಣ್ಣುಮಗಳು ಈಗ ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ನಿದ್ದೆ ಬರುತ್ತಿದೆ. ಆದರೆ ಇವತ್ತಿಗೂ ನನ್ನ ಜೊತೆ ಮಾತಾಡಬೇಕಾದರೆ ಹಿತ್ತಲಿಗೇ ಬರಬೇಕು. ಮಳೆ ಬಂದರೆ ಆ ದಿನ ಕರೆ ಇಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಅರಿವು ಕೇಂದ್ರ ಅನ್ನುತ್ತೀರಲ್ಲ, ಅಲ್ಲಿ ಒಂದು ಚಿಕ್ಕ ಕೋಣೆ ಕೊಡಿ. ಒಂದು ಕುರ್ಚಿ, ಒಂದು ಫೋನು, ಗೋಡೆಯ ಮೇಲೆ 14416 ಎಂದು ಬರೆದಿರಲಿ, ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕ ಇರಲಿ. ಯಾಕೆ ಬಂದಿರಿ ಎಂದು ಯಾರೂ ಕೇಳಬಾರದು. ಅಧ್ಯಕ್ಷರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಸಭೆ ಮುಗಿದ ಮೇಲೆ ಅವರ ಜೊತೆ ಹೋಗಿ ಆ ಕೋಣೆ ನೋಡಿಕೊಂಡೇ ಬಸ್ ಹತ್ತುತ್ತೇನೆ.