ಗಾಯ ಮಾಯಲು ನಿಲ್ಲಿಸುವವರೂ ಬೇಕು

ನಮಸ್ಕಾರ. ಇಲ್ಲಿ ದಂತವೈದ್ಯ ವಿದ್ಯಾರ್ಥಿಗಳೇ ಜಾಸ್ತಿ ಇದ್ದೀರಿ. ಆರ್‌ಎನ್‌ಎ ಅಂದರೇನು ಅಂತ ಮೊದಲಿನಿಂದ ಹೇಳಬೇಕಾಗಿಲ್ಲ, ಅಲ್ವಾ?

ಊಟ ಮಾಡುವಾಗ ಕೆನ್ನೆಯ ಒಳಗೆ ಕಚ್ಚಿಕೊಳ್ಳುತ್ತೇವೆ. ಕೆಲವೇ ದಿನಕ್ಕೆ ಮಾಯುತ್ತದೆ, ಆಮೇಲೆ ಹುಡುಕಿದರೂ ಗುರುತು ಸಿಗುವುದಿಲ್ಲ. ಚಿಕ್ಕಂದಿನಲ್ಲಿ ಸೈಕಲ್ಲಿಂದ ಬಿದ್ದ ಮೊಣಕಾಲಿನ ಕಲೆ ಮಾತ್ರ ಮೊಮ್ಮಕ್ಕಳಿಗೂ ತೋರಿಸಬಹುದು! ಎರಡೂ ಕಡೆ ಅದೇ ಡಿಎನ್‌ಎ. ಬಾಯಲ್ಲಿ ಎಂಜಲಿದೆ, ತೇವ ಇದೆ, ನಿಜ. ಅದರ ಜೊತೆಗೆ ಬಾಯಲ್ಲಿ ಉರಿಯೂತ ಕಡಿಮೆ, ಬೇಗ ಇಳಿಯುತ್ತದೆ. ನಾನು ಎಲ್ಲಿ ಹೋದರೂ ಹೇಳುವುದು ಇದನ್ನೇ: ರಿಪೇರಿ ಶುರು ಮಾಡುವುದು ಸುಲಭ, ಹೊತ್ತಿಗೆ ಸರಿಯಾಗಿ ನಿಲ್ಲಿಸುವುದು ಕಷ್ಟ. ಮದುವೆ ಮನೆಯಲ್ಲಿ ಒಲೆ ಯಾರು ಬೇಕಾದರೂ ಹಚ್ಚುತ್ತಾರೆ, ಪಾತ್ರೆ ಇಳಿಸುವ ಹದ ಭಟ್ಟರಿಗೇ ಗೊತ್ತು. ಜೀವಕೋಶದೊಳಗೆ ಆ ಹದ ನೋಡುವವರಲ್ಲಿ ಜೀನಿನ ಸಂದೇಶ ಪ್ರೋಟೀನ್ ಆಗದಂತೆ ತಡೆಯುವ ಪುಟ್ಟ ಚೂರುಗಳಾದ ಮೈಕ್ರೋ ಆರ್‌ಎನ್‌ಎಗಳೂ ಸೇರಿವೆ.

ಇವು ಸಿಕ್ಕ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಒಂದು ಮಿಲಿಮೀಟರ್ ಉದ್ದದ ಹುಳ. ಅದರಲ್ಲಿ ಲಿನ್-4 ಎಂಬ ಜೀನ್ ಕೆಟ್ಟರೆ ಹುಳ ಮುಂದಕ್ಕೆ ಬೆಳೆಯದೆ ಎಳೆ ಹಂತವನ್ನೇ ಮತ್ತೆ ಮತ್ತೆ ಮಾಡುತ್ತದೆ. ವಿಕ್ಟರ್ ಆಂಬ್ರೋಸ್ ಅವರ ಲ್ಯಾಬಿನವರು ಅದರ ಬೆನ್ನು ಹತ್ತಿದರು. ಕೊನೆಗೆ ಸಿಕ್ಕಿದ್ದು ಪ್ರೋಟೀನ್ ಅಲ್ಲ, ಸುಮಾರು 22 ಅಕ್ಷರಗಳ ಆರ್‌ಎನ್‌ಎ ಚೂರು! ಇತ್ತ ಗ್ಯಾರಿ ರವ್ಕುನ್ ಲಿನ್-14 ಎಂಬ ಇನ್ನೊಂದು ಜೀನ್ ಹಿಡಿದು ಕೂತಿದ್ದರು. ಅದರ ಕಡಿವಾಣ, ಪ್ರೋಟೀನ್ ಮಾಡಲು ಜೀನಿನ ಸಂದೇಶ ಹೊತ್ತೊಯ್ಯುವ ನಕಲಾದ ಸಂದೇಶವಾಹಕ ಆರ್‌ಎನ್‌ಎಯ ಬಾಲದಲ್ಲಿದೆ ಅಂತ ಕಂಡುಕೊಂಡಿದ್ದರು. 1992ರಲ್ಲಿ ಇಬ್ಬರೂ ತಮ್ಮ ತಮ್ಮ ಅಕ್ಷರಗಳನ್ನು ಹಂಚಿಕೊಂಡರು. ಚೂರು ಹೋಗಿ ಬಾಲಕ್ಕೆ ಜೋಡಿಯಾಗಿ ಕೂತಿತು! ಲಿನ್-14ಕ್ಕೆ ಕಡಿವಾಣ ಹಾಕುವುದು ಇದೇ ಚೂರು. 1993ರಲ್ಲಿ ಪ್ರಕಟವಾದಾಗ ಜನ ಇದು ಹುಳದ್ದೇ ಏನೋ ವಿಚಿತ್ರ ಅಂದುಕೊಂಡರು. 2000ದಲ್ಲಿ ಲೆಟ್-7 ಎಂಬ ಇನ್ನೊಂದು ಮೈಕ್ರೋ ಆರ್‌ಎನ್‌ಎ ಸಿಕ್ಕಿತು, ಅದು ಮನುಷ್ಯರಲ್ಲೂ ಇತ್ತು. ಆಗ ಎಲ್ಲರೂ ತಿರುಗಿ ನೋಡಿದರು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈಗ ಚರ್ಮ. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯವರು ಮನುಷ್ಯರ ಗಾಯಗಳಲ್ಲಿ ಎಂಐಆರ್-132 ಎಂಬ ಮೈಕ್ರೋ ಆರ್‌ಎನ್‌ಎ ಏರುವುದನ್ನು ನೋಡಿದರು. ಅದು ಉರಿಯೂತಕ್ಕೆ ತಡೆ ಹಾಕಿ, ಹೊಸ ಚರ್ಮ ಬೆಳೆಯಲು ದಾರಿ ಬಿಡುತ್ತದೆ. ನೋಡಿ, ಇಲ್ಲೂ ನಿಲ್ಲಿಸುವ ಕೆಲಸವೇ! ಸಕ್ಕರೆ ಕಾಯಿಲೆಯ ಇಲಿಗಳಿಗೆ ಅದನ್ನು ಕೊಟ್ಟಾಗ ಗಾಯ ಬೇಗ ಮುಚ್ಚಿತು. ರಕ್ತ ಸರಿಯಾಗಿ ಹರಿಯದ ಗಾಯದಲ್ಲಿ ಆಮ್ಲಜನಕ ಇಳಿದು ಎಂಐಆರ್-210 ಏರುತ್ತದೆ. ಆಗ ಅಂಚಿನ ಕೋಶಗಳು ದ್ವಿಗುಣವಾಗುವುದನ್ನೇ ಬಿಟ್ಟುಬಿಡುತ್ತವೆ. ಅಂದರೆ ತಪ್ಪು ಹೊತ್ತಲ್ಲಿ ನಿಲ್ಲಿಸಿದರೂ ಕೆಟ್ಟಿತು. ಇಲಿಗಳ ಚರ್ಮದಲ್ಲಿ ಎಂಐಆರ್-10ಬಿ ತುಂಬಿ ತುಳುಕುತ್ತದೆ, ಬಾಯಲ್ಲಿ ಅದು ಕಡಿಮೆ. ಗಾಯಕ್ಕೆ ಮೊದಲೇ ಎರಡು ಜಾಗಗಳ ಲೆಕ್ಕಾಚಾರ ಬೇರೆ ಅಂತಾಯಿತು.

ಚೀಟಿ ಬಂತು, ಹೊತ್ತಾಯಿತಂತೆ. ಮಧುಮೇಹಿಗಳ ಕಾಲಿನ ಹುಣ್ಣಿನ ಸ್ಲೈಡುಗಳನ್ನು ಬಿಟ್ಟುಬಿಡುತ್ತೇನೆ. ಅಡಿಕೆ ಬೆಳೆಯುವ ನಾಡಿನಲ್ಲಿ ನಿಂತು ಇದೊಂದನ್ನು ಮಾತ್ರ ಬಿಡಲಾರೆ. ಕಲೆ ಉಳಿಸಿಕೊಳ್ಳದ ಬಾಯಿಯನ್ನೇ ಅಡಿಕೆ, ಗುಟ್ಕಾ ಕಲೆಗಟ್ಟಿಸುತ್ತವೆ. ಕೊಲಾಜೆನ್ ಎಂಬ ನಾರಿನ ಪ್ರೋಟೀನ್ ನಿಲ್ಲದೆ ಕೂಡಿ ಕೂಡಿ ಕೆನ್ನೆ ಹಲಗೆಯಾಗುತ್ತದೆ. ನಾವು ಓಎಸ್‌ಎಂಎಫ್, ಅಂದರೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್, ಅನ್ನುವುದು ಇದನ್ನೇ. ಅಂಥ ಬಾಯಲ್ಲಿ ನಾರು ಹೆಣೆಯುವ ಕೋಶಗಳನ್ನು ಹತೋಟಿಯಲ್ಲಿಡುವ ಎಂಐಆರ್-200ಬಿ ಕುಸಿದಿರುವುದನ್ನು ತೈವಾನಿನ ಸಂಶೋಧಕರು ತೋರಿಸಿದ್ದಾರೆ. ಮೈಕ್ರೋ ಆರ್‌ಎನ್‌ಎ ಔಷಧಿ ಇನ್ನೂ ಅಂಗಡಿಗೆ ಬಂದಿಲ್ಲ. ನಿಮ್ಮ ಕುರ್ಚಿಗೆ ಬರುವ ಪ್ರತಿ ರೋಗಿಯ ಬಾಯಲ್ಲಿ ಅವರದೇ ಮೂರು ಬೆರಳು ನಿಲ್ಲಿಸಿ ಇಡಲು ಹೇಳಿ. ಬಾಯಿ ಅಷ್ಟು ತೆರೆಯಲಾಗದೆ ಮೂರೂ ಹಿಡಿಯದಿದ್ದರೆ ಹಲ್ಲು ಕ್ಲೀನ್ ಮಾಡಿ ಸುಮ್ನೆ ಕಳಿಸಬೇಡಿ. ಖಾರ ತಿಂದರೆ ಉರಿಯುತ್ತದಾ ಕೇಳಿ, ಅಡಿಕೆ ಅಂದೇ ಬಿಡಿಸಲು ನೋಡಿ. ಪ್ರಶ್ನೆಗಳಿದ್ದರೆ ಊಟದ ಹೊತ್ತಿಗೆ ಸಿಗುತ್ತೇನೆ.