ತಾರೀಖು ನೋಡ್ರೀ ಮೊದ್ಲು!

ನಮಸ್ಕಾರ್ರಿ ಎಲ್ಲಾರಿಗೂ. ಗಂಗಾವತಿಯಿಂದ ಮಾತಾಡಾಕತ್ತೀನಿ, ಕರೆಂಟ್ ಇರೋತನಕ ಮಾತಾಡ್ತೀನಿ. ವಾಟ್ಸಾಪ್ ಮೆಸೇಜ್ ಮುಂದ ಕಳಿಸೋ ಮೊದ್ಲು ಅದು ಯಾವತ್ತಿಂದು ನೋಡ್ರಿ ಅಂತ ಹೋದ ವಿಡಿಯೋದಾಗ ಹೇಳಿದ್ದೆ. ಅದಕ್ಕ ಒಬ್ಬ ಪುಣ್ಯಾತ್ಮ ಕಮೆಂಟ್ ಹಾಕ್ಯಾನ: "ಒಂದು ಮೆಸೇಜ್ ಫಾರ್ವರ್ಡ್ ಮಾಡಿದ್ರ ನಿಮ್ಮಪ್ಪನ ಗಂಟೇನ್ ಹೋಗತೈತಿ? ಮಂದಿಗೆ ಎಚ್ಚರಿಕಿ ಕೊಟ್ಟಂಗ ಆತಲ್ಲ!" ಅದಕ್ಕ ಲೈಕ್ ಬ್ಯಾರೆ ಬಿದ್ದಾವ. ನನ್ನ ವಿಡಿಯೋಕ್ಕ ಇಲ್ಲದ ಲೈಕು!

ನಮ್ಮಪ್ಪನ ಗಂಟು ಹೋಗಿಲ್ಲಪ್ಪ, ನಮ್ಮ ಸೋದರಮಾವನ ಡೀಸೆಲ್ ಹೋತು. ಗಾಡಿ ತುಂಬ ಭತ್ತದ ಸಸಿ ಹೇರ್ಕೊಂಡು ಕಂಪ್ಲಿ ಕಡೆ ಹೊಂಟಿದ್ದ. ಫ್ಯಾಮಿಲಿ ಗ್ರೂಪಿನ್ಯಾಗ ವಿಡಿಯೋ ಬಂತು, ಸೇತುವಿ ಮುಳುಗೇತಿ ಅಂತ. ಗಾಡಿ ತಿರುವಿ ಕಡೇಬಾಗಿಲು, ಬುಕ್ಕಸಾಗರ ಎಲ್ಲಾ ಸುತ್ತಾಕ್ಕೊಂಡು ಹೋದ. ಆ ಹೊತ್ತಿನ್ಯಾಗ ಕಂಪ್ಲಿ ಸೇತುವಿ ಮ್ಯಾಲ ಕುರಿ ಹಿಂಡು ಆರಾಮ ದಾಟಾಕತ್ತಿತ್ತು. ರಾತ್ರಿ ನಾನು ಆ ವಿಡಿಯೋ ನಿಲ್ಲಿಸಿ ನೋಡಿದ್ರ, ಎಡಗಡೆ ಮೂಲ್ಯಾಗ, ಫೋನ್ ಕಂಪನಿ ಹೆಸರಿನ ಕೆಳಗ ಸಣ್ಣ ಅಕ್ಷರದಾಗ ತಾರೀಖು ಐತಿ. 2022! ಗ್ರೂಪಿನ ಒಬ್ರ ಕಣ್ಣಿಗೂ ಬಿದ್ದಿಲ್ಲ. ಸಸಿ ಬಾಡಿದ ಮ್ಯಾಲ "ಅಯ್ಯೋ ಹೌದಾ" ಅಂತ ಅಳೋ ಎಮೋಜಿ ಹಾಕ್ಯಾರ.

ತಾರೀಖು ನೋಡ್ರೀ. ಇಷ್ಟ ನನ್ನ ಮಾತು.

ನಮ್ಮ ಕಡೆ ಇದು ಯಾಕ ಮುಖ್ಯ ಅಂದ್ರ, ತುಂಗಭದ್ರಾ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗೆಲ್ಲ ಕಂಪ್ಲಿ ಸೇತುವಿ ಮುಳುಗತೈತಿ, ಹಂಪಿಯೊಳಗ ಪುರಂದರ ಮಂಟಪ ಮುಳುಗತೈತಿ. ಯಾವ ವರ್ಷದ ವಿಡಿಯೋ ಹಾಕಿದ್ರೂ ಅದ ಕೆಂಪು ನೀರು, ಅದ ಮಂಟಪ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಕಟ್ಟಾಗಿ ಗೇಟ ಕೊಚ್ಚಿಕೊಂಡು ಹೋತು. ಅದು ಖರೇ. ಸುಮಾರು ಒಂದು ವಾರದಾಗ ಸ್ಟಾಪ್ ಲಾಗ್, ಅಂದ್ರ ತಾತ್ಕಾಲಿಕ ಗೇಟು, ಇಳಿಸಿ ನೀರು ನಿಲ್ಲಿಸಿದ್ರು. ಅದೂ ಖರೇ. ನೀರು ನಿಂತ್ರೂ ವಿಡಿಯೋ ನಿಂತಿಲ್ಲ ನೋಡ್ರಿ, ಪ್ರತಿ ಮಳೆಗಾಲಕ್ಕ "ಈಗ ಬಂದ ಸುದ್ದಿ" ಅಂತ ಹರೀತಾನ ಐತಿ!

ಮೇಲ್‌ನಾಗ ಹಿಂಗಿಲ್ಲ. ಮೇಲ್ ಫಾರ್ವರ್ಡ್ ಮಾಡಿದ್ರ ಮೊದ್ಲು ಯಾರು ಕಳಿಸಿದ್ರು, ಯಾವತ್ತು ಕಳಿಸಿದ್ರು ಅಂತ ಮ್ಯಾಲ ಬರಕೊಂಡ ಬರತೈತಿ. ವಾಟ್ಸಾಪ್‌ನಾಗ ಕಳಿಸಿದವನ ಹೆಸರೂ ಹೋತು, ತಾರೀಖೂ ಹೋತು, ನೀವು ಬಟನ್ ಒತ್ತಿದ ಟೈಮ್ ಒಂದ ಉಳೀತು. ಜೋಡಿ ಬಾಣದ ಗುರುತು ಇತ್ತಂದ್ರ ಅದು ಐದು ಕೈಗಿಂತ ಕಮ್ಮಿ ದಾಟಿಲ್ಲ ಅಂತ ತಿಳ್ಕೊರ್ರಿ. ಅಂಥಾ ಮೆಸೇಜು ಒಂದು ಸಲಕ್ಕ ಒಂದ ಚಾಟ್‌ಗೆ ಹೋಗೋ ಹಂಗ 2020ರಾಗ ಕಟ್ಟು ಹಾಕ್ಯಾರ. ನಮ್ಮ ಮಂದಿ ಬಿಡ್ತಾರ? ಕಟ್ಟಿ ಮ್ಯಾಲ ಕುಂತು ಒಂದೊಂದ ಗ್ರೂಪಿಗೆ ಕಳಿಸ್ತಾರ. ಈ ಶ್ರದ್ಧಾ ಎಸ್ಸೆಸ್ಸೆಲ್ಸಿಯೊಳಗ ಇದ್ದಿದ್ರ ಎಲ್ಲಾರೂ ಡಿಸಿ ಆಗತಿದ್ರು.

ಹಾಂ, ಸಬ್‌ಸ್ಕ್ರೈಬ್ ಮಾಡ್ರಿ. ಗಂಟಿ ಒತ್ರಿ. ಮರತೀನಿ ಅಂತ ಮರೀಬ್ಯಾಡ್ರಿ.

ನೌಕರಿ ಪಿಡಿಎಫ್ ಕಥಿ ಬ್ಯಾರೆ ಐತಿ. "ಅರ್ಜಿ ಹಾಕಾಕ ಕೊನಿ ದಿನ ಆಗಸ್ಟ್ 15." ಯಾವ ಆಗಸ್ಟ್‌ರೀ? ವರ್ಷಾನ ಇಲ್ಲ! ಹುಡುಗ ಬಿಸಿಲಾಗ ಜಾತಿ-ಆದಾಯ ಸರ್ಟಿಫಿಕೇಟು, ನಮ್ಮ ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾಗೋ 371ಜೆ ಸರ್ಟಿಫಿಕೇಟು, ಫೋಟೋ ಎಲ್ಲಾ ಹಿಡ್ಕೊಂಡು ಸೈಬರ್ ಸೆಂಟರ್‌ಗೆ ಓಡ್ತಾನ. ಅಲ್ಲಿ ಅವ ನೋಡಿ ಹೇಳ್ತಾನ, "ತಮ್ಮಾ, ಇದು ಹ್ವಾದ ವರ್ಷಂದು." ಹುಡುಗನ ಮಾರಿ ನೋಡಬೇಕು ಆವಾಗ. ಅದನ್ನ ಕಳಿಸಿದ ಕಾಕಾ ಮನಿಯಾಗ ಕುಂತು "ನಾ ಒಳ್ಳೇದಕ್ಕ ಕಳಿಸಿದ್ನೆಪ್ಪಾ" ಅಂತಾನ. ಒಳ್ಳೇದಕ್ಕಂತ, ಒಳ್ಳೇದಕ್ಕ! ತಾರೀಖು ನೋಡೋ ಕಾಕಾ!

ಇನ್ನ ಕೆಲವ್ರು ಅಂತಾರ, "ನಮಗ ಎಲ್ಲಿ ಟೈಮ್ ಐತ್ರಿ ಚೆಕ್ ಮಾಡಾಕ?" ಅಲ್ರೀ, ಮುಂಜಾನೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹುಡುಕಾಕ ಟೈಮ್ ಐತಿ, ತಾರೀಖು ನೋಡಾಕ ಇಲ್ಲ? ಡ್ಯಾಮಿನ ಸುದ್ದಿ ಬೇಕಂದ್ರ ತುಂಗಭದ್ರಾ ಬೋರ್ಡ್‌ನವರು ದಿನಾ ಮಟ್ಟ, ಒಳಹರಿವು, ಹೊರಹರಿವು ತಾರೀಖು ಹಾಕಿ ವೆಬ್‌ಸೈಟಿನ್ಯಾಗ ಕೊಡ್ತಾರ. 1633 ಅಡಿ ಅಂದ್ರ ತುಂಬಿತು ಅಂತ. ಇಷ್ಟ ಲೆಕ್ಕ.

ನಗಬ್ಯಾಡ್ರಿ. 2018ರಾಗ ನಮ್ಮ ಬೀದರ್ ಜಿಲ್ಲಾದ ಮುರ್ಕಿಯೊಳಗ, ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಾಗ ಸುದ್ದಿ ಹಬ್ಬಿಸಿ, ಹೈದರಾಬಾದಿನಿಂದ ಬಂದಿದ್ದ ಹುಡುಗನ್ನ ಹೊಡದ ಕೊಂದ್ರು. ಆ ವರ್ಷ ದೇಶದ ತುಂಬ ಓಡಾಡಿದ್ದ ಮಕ್ಕಳ ಕಳ್ಳರ ವಿಡಿಯೋ ಒಂದು ಕರಾಚಿದು, ಅದೂ ಜಾಗೃತಿಗಂತ ಮಾಡಿದ್ದು, ಕೊನಿ ಕತ್ತರಿಸಿ ಬಿಟ್ಟಿದ್ರು. ಯಾವ ಊರಿಂದು, ಯಾವತ್ತಿಂದು ಅಂತ ಒಬ್ಬರರ ಕೇಳಿದ್ರ?

"ಎಲ್ಲಾರೂ ಕಳಿಸ್ತಾರ, ನಾ ಒಬ್ಬ ಬಿಟ್ರ ಏನಾಗತೈತಿ?" ಏನೂ ಆಗಂಗಿಲ್ಲ. ನಿನ್ನ ನಂಬರ್ ಬ್ಲಾಕ್ ಆಗಂಗಿಲ್ಲ, ಅಷ್ಟ. ನಾ ಮಾಡ್ತೀನಿ. ಮಾವ ಆಗ್ಲಿ, ಕಾಕಾ ಆಗ್ಲಿ. ತಾರೀಖು ಇಲ್ಲ ಅಂದ್ರ ಬ್ಲಾಕ್! ಯಾಕಂದ್ರ... ಯಾಕಂದ್ರ ಏನು, ನಾ ಹೇಳಾಕತ್ತೀನಲ್ಲ, ಸಾಕು. ತಾರೀಖು ನೋಡ್ರೀ!

ಆತು, ಗಂಟಲು ಕಟ್ಟೇತಿ. ಕಮೆಂಟ್ ಹಾಕಿದ ಪುಣ್ಯಾತ್ಮ, ನೀನೂ ಸಬ್‌ಸ್ಕ್ರೈಬ್ ಮಾಡಿಲ್ಲ, ಚೆಕ್ ಮಾಡೀನಿ. ಮುಂದಿನ ವಿಡಿಯೋದಾಗ ಗ್ರೂಪ್ ಅಡ್ಮಿನ್‌ಗಳ ಸರದಿ. ಅವರು ಹ್ಯಾಂಗೂ ನೋಡಂಗಿಲ್ಲ ಬಿಡ್ರಿ, ಮ್ಯೂಟ್ ಮಾಡ್ಯಾರ.